ಉಗ್ರಾಣಕ್ಕೆ ವಾಪಸ್ಸಾಗಬೇಕಾದ ಪುಡಿ

ಹತ್ತಿರ ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ನಡುವೆ ಎದ್ದುಹೋಗಿ, ಆಮೇಲೆ ಎಣ್ಣೆ ಎಲ್ಲಿ ಹೋಯ್ತು ಅಂತ ನನ್ನನ್ನು ಕೇಳಬೇಡಿ.

ಒಂದು ಎಣ್ಣೆ ಕಂಪನಿಯ ಉಗ್ರಾಣದಲ್ಲಿ ಎರಡೇ ಬಗೆಯ ಸಾಮಾನುಗಳಿದ್ದವು: ಖರ್ಚಾಗತಕ್ಕದ್ದು, ಮರಳಿಸತಕ್ಕದ್ದು. ಸೋಪು ಖರ್ಚಾಗತಕ್ಕದ್ದು, ಸ್ಪ್ಯಾನರ್ ಮರಳಿಸತಕ್ಕದ್ದು. ಬೆಲೆ ಹೆಚ್ಚಿನದೆಲ್ಲವೂ ಮರಳಿಸತಕ್ಕದ್ದು ಎಂಬುದು ನಿಯಮ. ಜೀವಮಾನವಿಡೀ ಈ ನಿಯಮವನ್ನು ಕಾಯ್ದವನು ಉಗ್ರಾಣದ ಮೇಲ್ವಿಚಾರಕ. ಎಲ್ಲರ ಬಾಯಲ್ಲೂ ಅವನು ಬೀಗಪ್ಪ. ತಿಂಗಳ ಕೊನೆಗೆ ಅವನ ನಿವೃತ್ತಿ. ಕೊಟ್ಟ ಸಾಮಾನೆಲ್ಲ ವಾಪಸ್ಸು ಬಂದಿದೆ ಎಂದು ದೊಡ್ಡ ಸಾಹೇಬರು ರುಜು ಹಾಕಿದರೆ ಪಿಂಚಣಿ, ಇಲ್ಲದಿದ್ದರೆ ಇಲ್ಲ. ಹೆಂಡತಿ ಆಗಲೇ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಒಂದೇ ಬಾಣಲೆಯಲ್ಲಿ ಅಡುಗೆ ಸಾಗಿಸುತ್ತಿದ್ದಳು. ಇಬ್ಬರೂ ಮಗಳ ಊರಿಗೆ ಹೋಗುವವರು.

ಕಂಪನಿಯ ಬಾವಿಗಳು ಮುದಿಯಾಗಿದ್ದವು. ಎಣ್ಣೆ ಇರಲಿಲ್ಲವೆಂದಲ್ಲ, ಪಾತ್ರೆಯ ತಳಕ್ಕೆ ಜಿಡ್ಡು ಹಿಡಿದ ಹಾಗೆ ಭೂಮಿಯೊಳಗಿನ ಕಲ್ಲಿಗೆ ಕಚ್ಚಿಕೊಂಡಿತ್ತು. ಅದನ್ನು ಬಿಡಿಸಲು ಬಂದವಳು ಪ್ರಯೋಗಶಾಲೆಯ ಪುಡಿ ಮೇಡಂ. ಅವಳ ನ್ಯಾನೊ ಪುಡಿಯ ಕಣ ಎಷ್ಟು ಸಣ್ಣದೆಂದರೆ, ತಲೆಗೂದಲನ್ನು ಸೀಳಿ, ಸೀಳಿದ್ದನ್ನು ಮತ್ತೆ ಸೀಳಿ, ಕೈಸೋತು ಕೂತರೂ ನಿಮ್ಮ ಕೈಲಿರುವುದು ಅದಕ್ಕಿಂತ ದಪ್ಪ. ಅದನ್ನು ಬೀಗಪ್ಪನ ಉಗ್ರಾಣದಿಂದ ಪಡೆದು, ನೀರಿಗೆ ಕಲಸಿ ಒಂದು ಬಾವಿಗೆ ತಳ್ಳಿದರು. ಪುಡಿ ಕಲ್ಲಿನ ಸಂದಿಗೊಂದಿಗೆಲ್ಲ ನುಗ್ಗಿ ಎಣ್ಣೆಯನ್ನು ಬಿಡಿಸಿತು. ಬತ್ತಿಹೋಗಿದ್ದ ಪಕ್ಕದ ಬಾವಿಯಿಂದ ಎಣ್ಣೆ ಬುಳುಬುಳು ಬಂತು. ಎಲ್ಲರೂ ಅಲ್ಲಿಗೇ ಸುಮ್ಮನಾಗಿದ್ದರೆ ನನಗೆ ಹೇಳಲು ಕಥೆ ಇರುತ್ತಿರಲಿಲ್ಲ.

ಬೀಗಪ್ಪ ರುಜುವಿಗೆ ಹೋದ.

“ಪುಡಿ ಎಲ್ರೀ?” ಅಂದರು ಸಾಹೇಬರು.

“ಬಾವಿಯೊಳಗಿದೆ ಸಾರ್.”

“ಅದರ ಬೆಲೆ ನೋಡಿದ್ದೀರಾ? ಮರಳಿಸತಕ್ಕದ್ದು.”

ಪಕ್ಕದಲ್ಲಿದ್ದ ಪುಡಿ ಮೇಡಂ, “ಸ್ವಲ್ಪ ಎಣ್ಣೆ ಜೊತೆ ಮೇಲೆ ಬಂದಿರುತ್ತೆ ಸಾರ್. ಮಿಕ್ಕಿದ್ದು ಕಲ್ಲಲ್ಲೇ ಉಳಿಯುತ್ತೆ. ಕಣ್ಣಿಗೂ ಕಾಣಲ್ಲ” ಅಂದಳು.

“ಕಾಣದಿದ್ದರೆ ಬಿಟ್ಟುಬಿಡಿ ಅಂತ ಯಾವ ನಿಯಮದಲ್ಲಿದೆಯಮ್ಮಾ?”

ಮನೆಯಲ್ಲಿ ಹೆಂಡತಿ ಕೇಳಿದಳು, “ಬಾವಿಗೇ ಬೀಗ ಜಡಿದು ಕೀಲಿ ಅವರ ಮೇಜಿನ ಮೇಲಿಟ್ಟು ಬನ್ನಿ. ಪುಡಿ ಒಳಗೇ ಇದೆಯಲ್ಲ?”

“ಬಾವಿ ನನ್ನ ಸುಪರ್ದಿಯಲ್ಲಿಲ್ಲ ಕಣೇ. ಪುಡಿ ಮಾತ್ರ.”

“ಇನ್ನೆಷ್ಟು ದಿನ ಈ ಬಾಣಲೆ?”

“ಪುಡಿ ಬರೋವರೆಗೆ.”

ಮರುದಿನ ಗೋಡೆಗೆ ಸುತ್ತೋಲೆ ಅಂಟಿತು: ‘ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಬಾವಿಯಿಂದ ಬರುವ ಎಣ್ಣೆಯನ್ನು ಪುಡಿಯನ್ನು ಸುತ್ತಿಕೊಂಡು ಬಂದ ಪೊಟ್ಟಣವೆಂದು ಪರಿಗಣಿಸತಕ್ಕದ್ದು. ಪುಡಿಯನ್ನು ಸೋಸಿ ತೆಗೆದುಕೊಂಡು, ಖಾಲಿ ಪೊಟ್ಟಣವನ್ನು ಬಂದ ಜಾಗಕ್ಕೇ ವಿಲೇವಾರಿ ಮಾಡತಕ್ಕದ್ದು.’

ಎಣ್ಣೆಯನ್ನು ಸೋಸಿ ಮತ್ತೆ ಬಾವಿಗೆ ಸುರಿದರು. ಸಿಕ್ಕ ಪುಡಿ ಒಂದು ಚಿಟಿಕೆ.

“ಎಣ್ಣೆ ಪುನಃ ಕಲ್ಲಿಗೆ ಅಂಟಿದೆ ಸಾರ್. ಉಳಿದ ಪುಡಿ ಅದರಡಿ ಸಿಕ್ಕಿಕೊಂಡಿದೆ” ಅಂದಳು ಪುಡಿ ಮೇಡಂ.

“ಅಂಟಿದ್ದನ್ನು ಬಿಡಿಸೋಕೆ ಏನು ಬೇಕು?”

“ಪುಡಿ.”

“ತರಿಸಿ. ಅದಕ್ಕೂ ಬೀಗಪ್ಪನವರ ರುಜು ತಗೊಳ್ಳಿ.”

“ನಾಳೆ ನನ್ನ ನಿವೃತ್ತಿ ಸಾರ್” ಅಂದ ಬೀಗಪ್ಪ.

“ಪುಡಿ ಬಾಕಿ ಇಟ್ಕೊಂಡು ಹೇಗ್ರೀ ನಿವೃತ್ತರಾಗ್ತೀರಿ?”

ಕಳೆದುಹೋದ ಸ್ಪ್ಯಾನರಿಗಾಗಿ ಫಿಟ್ಟರನೊಬ್ಬನ ಪಿಂಚಣಿ ತಡೆದಿದ್ದವನು ಬೀಗಪ್ಪನೇ. ಈಗ ಯಾವ ಬಾಯಲ್ಲಿ ಬೇಡ ಅನ್ನಲಿ? ನಿಯಮ ಸರಿಯಾಗೇ ಇದೆ ಅನ್ನಿಸಿತು. ರುಜು ಹಾಕಿದ.

ಆಮೇಲೆ ಯಾರ್‍ಯಾರು ಏನಾದರು ಅಂತೀರಾ? ಸಾಹೇಬರಿಗೆ ಕಂಪನಿಯ ಆಸ್ತಿ ಕಾಪಾಡಿದ್ದಕ್ಕೆ ಹಾರ, ಬಡ್ತಿ ಎರಡೂ ಬಂದವು. ಪುಡಿ ಮೇಡಂ ಈಗ ಪುಡಿಯನ್ನು ಹುಡುಕುವ ಪುಡಿಯೊಂದನ್ನು ತಯಾರಿಸುತ್ತಿದ್ದಾಳೆ. ಅದಕ್ಕೆ ಬೆಲೆ ಇನ್ನೂ ಜಾಸ್ತಿ. ಬೀಗಪ್ಪನ ಹೆಂಡತಿ ಕಾದು ಕಾದು ಒಬ್ಬಳೇ ಮಗಳ ಊರಿಗೆ ಹೋದಳು. ಅವನು ರಜೆ ಸಿಕ್ಕಾಗ ನೆಂಟನ ಹಾಗೆ ಹೋಗಿಬರುತ್ತಾನೆ. ಹಲ್ಲು ಉದುರಿವೆ, ಕೆಲಸ ಇದೆ. ಕಂಪನಿಯೂ ಚೆನ್ನಾಗೇ ನಡೆಯುತ್ತಿದೆ. ಎಣ್ಣೆಯನ್ನು ಮೇಲೆತ್ತಿ ಮತ್ತೆ ಬಾವಿಗೆ ಸುರಿಯುವ ಪಂಪು ಓಡಿಸಲು ಬೇಕಾದ ಎಣ್ಣೆಯನ್ನು ಮಾತ್ರ ಹೊರಗಿನಿಂದ ಕೊಂಡು ತರುತ್ತಾರೆ.