ಎಡೆಗೆ ಇಟ್ಟ ಕಂಪ್ಯೂಟರು

ಮನೆಯಲ್ಲಿ ಸಾವಾದರೆ ಅಳುವುದಕ್ಕೆ ಜೊತೆ ಕೊಡಲು ಊರೆಲ್ಲ ಬರುತ್ತದೆ. ಸಿಟ್ಟಿಗೆ ಜೊತೆ ಕೊಡಲು ಯಾರೂ ಬರುವುದಿಲ್ಲ. ಅಳುವವಳಿಗೆ ನೀರು ಕೊಡುತ್ತಾರೆ, ಬೆನ್ನು ಸವರುತ್ತಾರೆ, ಕಾಫಿಗೆ ಸಕ್ಕರೆ ಜಾಸ್ತಿ ಹಾಕಿ ಕುಡಿಸುತ್ತಾರೆ. ಅದೇ ಹೆಂಗಸು ಹಲ್ಲು ಕಚ್ಚಿಕೊಂಡು ಗಂಡನ ಫೋಟೋವನ್ನು ದುರುಗುಟ್ಟಿ ನೋಡುತ್ತ ಕೂತರೆ, ‘ಪಾಪ, ದುಃಖ ತಲೆಗೇರಿದೆ’ ಎಂದು ಪಿಸುಗುಟ್ಟುತ್ತಾರೆ. ನನಗೆ ತಲೆಗೇರಿದ್ದು ದುಃಖವಲ್ಲ, ಸಿಟ್ಟು. ಇನ್ನೂ ಇಳಿದಿಲ್ಲ. ನಾನು ಮದ್ದೂರಿನಲ್ಲಿ ಅಂಗನವಾಡಿ ನಡೆಸುವವಳು. ಮಕ್ಕಳು ಗೋಡೆಗೆ ಉಪ್ಪಿಟ್ಟು ಮೆತ್ತಿದರೂ ದನಿ ಎತ್ತದವಳೆಂದು ಬೀದಿಯಲ್ಲಿ ಹೆಸರಿತ್ತು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಸಾವು, ಬದುಕು ಎಂದೆಲ್ಲ ದೊಡ್ಡ ಮಾತು ಬರೆಯಲು ನನಗೆ ಬಾರದು. ಅದಕ್ಕೇ ಒಂದು ಕಂಪ್ಯೂಟರಿನ ವಿಷಯ ಬರೆಯುತ್ತೇನೆ. ಸಿಟ್ಟಿನ ಬೇರು ಇರುವುದೂ ಅಲ್ಲೇ.

ನಮ್ಮ ಯಜಮಾನರು ಪುಟ್ಟಸ್ವಾಮಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಹಗಲೆಲ್ಲ ಬಸ್ಸಿನ ಅಡಿ ಮಲಗಿ ಎದ್ದು ಬಂದು, ಕೈಗೆ ಮೆತ್ತಿದ ಗ್ರೀಸನ್ನು ಉಜ್ಜಿ ಉಜ್ಜಿ ತೊಳೆದು, ಕಾಫಿ ಕುಡಿದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಕೂತು ಮಾಡುತ್ತಿದ್ದುದೇನೆಂದರೆ, ಬಸ್ಸು ಓಡಿಸುವುದು. ಆಟದ ಬಸ್ಸು. ಯಾವುದೋ ಪರದೇಶದ ಊರು, ತೊಳೆದಿಟ್ಟಂಥ ರಸ್ತೆ, ಸ್ಟಾಪಿನಲ್ಲಿ ಸಾಲಾಗಿ ನಿಂತ ಜನ. “ನೋಡು ಗೌರೀ, ಒಬ್ನಾರಾ ಫುಟ್‌ಬೋರ್ಡ್ ಮ್ಯಾಲೆ ನೇತಾಡ್ತಾನಾ?” ಎಂದು ಆ ಜನರನ್ನೆಲ್ಲ ತಾವೇ ಸಾಕಿ ಬೆಳೆಸಿದ ಹಾಗೆ ಹೆಮ್ಮೆಪಡುತ್ತಿದ್ದರು. ಕಂಪ್ಯೂಟರು ಮಾತ್ರ ಮಂಡ್ಯದಲ್ಲಿ ಮುಚ್ಚಿಹೋದ ಒಂದು ಸೈಬರ್ ಸೆಂಟರಿನದು. ಶುರು ಮಾಡಿದರೆ ಕಬ್ಬಿನ ಗಾಣದ ಸದ್ದು. ತಿರುವು ಬಂದ ಕೂಡಲೇ ಚಿತ್ರ ನಿಂತುಬಿಡುತ್ತಿತ್ತು. ಅದು ಮತ್ತೆ ಚಲಿಸುವ ಹೊತ್ತಿಗೆ ಬಸ್ಸು ಯಾರದೋ ಬಟ್ಟೆ ಅಂಗಡಿಯೊಳಗೆ ಹೊಕ್ಕಿರುತ್ತಿತ್ತು.

“ಒಳ್ಳೇದೊಂದು ಗೇಮಿಂಗ್ ಕಂಪ್ಯೂಟರ್ ತಗೊಳ್ಳಿ” ಎಂದು ನಾನೇ ಹೇಳುತ್ತಿದ್ದೆ. ಕೊಳ್ಳುವ ಶಕ್ತಿ ಇತ್ತು. ಮಕ್ಕಳಿಲ್ಲದ ಮನೆ, ಬೇರೆ ಚಟವಿಲ್ಲದ ಮನುಷ್ಯ. ಆದರೆ ಅವರು, “ತಡಿಯೇ, ವಸಾ ಕಾರ್ಡು ಬತ್ತದಂತೆ. ಈಗ ತಗಂಡ್ರೆ ಅಳೇದಾಗೋಯ್ತದೆ” ಎನ್ನುವರು. ಕಾರ್ಡೆಂದರೆ ಆಟದ ಚಿತ್ರ ನಿಲ್ಲದೆ ಓಡುವಂತೆ ಮಾಡುವ ಕಂಪ್ಯೂಟರಿನ ಒಳಭಾಗವಂತೆ. ಹೊಸ ಕಾರ್ಡು ಬರುವುದು. ಆಗ, “ಇದ್ಕಿಂತ ಮ್ಯಾಲಿಂದು ಬತ್ತದಂತೆ, ತಡಿ.” ಮೊಬೈಲಿನಲ್ಲಿ ಅದರ ಸುದ್ದಿ ಓದುವುದು, ಚಿತ್ರ ನೋಡುವುದು, ಊಟದ ಹೊತ್ತಿನಲ್ಲಿ ನನಗೆ ಅದರ ಗುಣಗಾನ ಮಾಡುವುದು, ಕೊಳ್ಳದೆ ಇರುವುದು. ಮುಂದಿನ ವರ್ಷ ಇದಕ್ಕಿಂತ ಒಳ್ಳೆಯ ಸೀರೆ ಬರುತ್ತದೆಂದು ಇಂದು ಬರಿಮೈಯಲ್ಲಿ ಕೂರುವ ಹೆಂಗಸನ್ನು ನಾನಂತೂ ಕಂಡಿಲ್ಲ. ಗಂಡಸರಿಗೆ ಮಾತ್ರ ಈ ಬುದ್ಧಿ. ಹೀಗೆ ಕಾಯುತ್ತ ಕಾಯುತ್ತ ಒಂದು ಬೆಳಿಗ್ಗೆ ಡಿಪೋಗೆ ಹೊರಟವರು, ಬೂಟಿನ ದಾರ ಕಟ್ಟಲು ಬಗ್ಗಿದವರು, ಮೇಲೇಳಲಿಲ್ಲ. ಒಂದು ಬೂಟಿನ ದಾರ ಕಟ್ಟಿ ಆಗಿತ್ತು. ಇನ್ನೊಂದರದು ಹಾಗೇ ಇತ್ತು.

ಮಾತಾಡಿಸಲು ಬಂದವರು ಒಬ್ಬರಾದ ಮೇಲೊಬ್ಬರು, “ಪುಣ್ಯಾತ್ಮ ಕಣಮ್ಮ, ಯಾವ ಆಸೇನೂ ಬಾಕಿ ಮಡೀಕೊಳ್ದೆ ಓದ” ಎಂದರು. ಬಾಕಿ ಇತ್ತು ಎಂದು ಕಿರುಚಬೇಕೆನಿಸಿತು. ಕೈಗೆ ಎಟುಕುವ ಆಸೆ, ಅಂಗಡಿಯಲ್ಲಿ ಸಿಗುವ ಆಸೆ, ಹೆಂಡತಿಯೇ ತೀರಿಸಿಕೋ ಎಂದು ಗೋಗರೆದ ಆಸೆ. ಅದನ್ನು ನನ್ನ ತಲೆಗೆ ಕಟ್ಟಿ ಹೋದ ಮನುಷ್ಯ ಎಂಥ ಪುಣ್ಯಾತ್ಮ?

ಯಜಮಾನರ ತಂಗಿ ಮಂಗಳ ಮಂಡ್ಯದಲ್ಲಿ ಟೈಲರಿಂಗ್ ಮಾಡುತ್ತಾಳೆ. ಅವಳ ಜೊತೆಯ ಹೆಂಗಸರೆಲ್ಲ ಸೇರಿ ಸಿಂಗಪುರಕ್ಕೆ ಹೊರಟರು. “ಅತ್ತಿಗೆ, ಮನೇಲಿ ಕುಂತು ಫೋಟೋ ಮ್ಯಾಗೆ ಸಿಡುಕಿದ್ದು ಸಾಕು, ಬನ್ನಿ” ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಹೋಗಿ ಇಳಿದರೆ, ಅದೇ ತೊಳೆದಿಟ್ಟ ರಸ್ತೆ. ಅದೇ ಬಸ್ಸು. ಅದೇ ಸಾಲು. ಬಸ್ಸು ಹಾರ್ನ್ ಮಾಡದೆ ಬರುತ್ತದೆ, ಸ್ಟಾಪಿನಲ್ಲೇ ನಿಲ್ಲುತ್ತದೆ, ಒಬ್ಬನೂ ಕಿಟಕಿಯಿಂದ ಟವಲ್ಲು ಎಸೆದು ಸೀಟು ಹಿಡಿಯುವುದಿಲ್ಲ. ನೋಡಬೇಕಾದವರು ನೋಡದೆ ಹೋದರು, ಬಸ್ಸೆಂದರೆ ವಾಂತಿ ಮಾಡಿಕೊಳ್ಳುವ ನಾನು ನಿಂತು ನೋಡುತ್ತಿದ್ದೆ. ಹೆಂಗಸರು ಮೀನು ನೋಡಿದರು, ಹೂದೋಟ ನೋಡಿದರು, ಕಂಡದ್ದಕ್ಕೆಲ್ಲ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಂಡರು. ಗೈಡು ನನಗೆ, “ಮೇಡಂ, ಸ್ವಲ್ಪ ನಗಿ” ಎಂದ. ಆ ಫೋಟೋದಲ್ಲಿ ನಾನು ಯಾರ ಮೇಲೋ ಕೇಸು ಹಾಕಲು ಬಂದವಳ ಹಾಗಿದ್ದೇನೆ.

ಕೊನೆಯ ದಿನ ಶಾಪಿಂಗ್. ಮಹಡಿಯ ಮೇಲೆ ಮಹಡಿ, ಬರೀ ಎಲೆಕ್ಟ್ರಾನಿಕ್ ಸಾಮಾನು. ಅಲ್ಲಿ ಒಂದು ಗಾಜಿನ ಪಕ್ಕೆಯ ಕಪ್ಪು ಪೆಟ್ಟಿಗೆ, ಒಳಗೆ ಕೆಂಪು ನೀಲಿ ದೀಪ ಓಡಾಡುತ್ತಿವೆ. ಯಜಮಾನರು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಮೊಬೈಲಿನಲ್ಲಿ ನನ್ನ ಮೂಗಿನ ಹತ್ತಿರ ಹಿಡಿದು ತೋರಿಸಿದ್ದ ಜಾತಿಯದೇ. ನಿಂತೆ. ಮೀಸೆಯ ತಮಿಳು ಸೇಲ್ಸ್‌ಮನ್ ಬಂದ. ಒಳ್ಳೆಯ ಮನುಷ್ಯನೇ. ನನ್ನ ಮುಖ ನೋಡಿ ಹಿತ ಬಯಸಿ, “ಅಕ್ಕಾ, ಒರು ಮಾಸಂ ವೆಯ್ಟ್ ಪಣ್ಣುಂಗ, ಪುದು ಮಾಡೆಲ್ ವರುದು” ಎಂದ. ಒಂದು ತಿಂಗಳು ತಡೆದರೆ ಹೊಸ ಮಾಡೆಲ್ ಬರುತ್ತದೆ! ಆ ಮಾತು ಯಾವ ಭಾಷೆಯಲ್ಲಿ ಬಂದರೂ ನನಗೆ ತಿಳಿಯುತ್ತದೆ. ನನ್ನೊಳಗಿಂದ ನನ್ನದಲ್ಲದ ದನಿ ಹೊರಟಿತು. “ತಡಿಯಾದಿಲ್ಲ! ತಡದೋರು ಓದ್ರು! ಇದೇ ಬೇಕು, ಇವತ್ತೇ ಬೇಕು!” ಇಡೀ ಮಹಡಿ ತಿರುಗಿ ನೋಡಿತು. ಮಂಗಳ ನನ್ನ ಸೆರಗು ಜಗ್ಗಿ, “ಅತ್ತಿಗೆ, ಮೆಲ್ಲುಗೆ! ಈ ಊರಲ್ಲಿ ಉಗುಳಿದ್ರೇ ಫೈನ್ ಆಕ್ತಾರೆ, ಕೂಗಿದ್ರೆ ಬುಡ್ತಾರಾ?” ಎಂದಳು. ಸೇಲ್ಸ್‌ಮನ್ ಹೆದರಿ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಯಾವ ಆಟ ಹಾಕಿಕೊಡಲಿ ಎಂದು ಕೇಳಿದ. ಬಸ್ಸು ಎಂದೆ. ಯುದ್ಧ ಬೇಡವೇ, ರಾಕ್ಷಸರು ಬೇಡವೇ ಎಂದ. ಬಸ್ಸು ಎಂದೆ. ಕಲ್ಯಾಣಮಂಟಪ ಬಾಡಿಗೆಗೆ ಹಿಡಿದು ಒಬ್ಬಳೇ ಚಿತ್ರಾನ್ನ ತಿನ್ನುವವಳನ್ನು ನೋಡುವಂತೆ ನೋಡಿ, ಬಸ್ಸನ್ನೇ ಹಾಕಿಕೊಟ್ಟ.

ಹೋಟೆಲಿಗೆ ಬಂದು ಮಂಗಳ ಪೆಟ್ಟಿಗೆಯ ಎದುರು ಕೂತು ಕೇಳಿದಳು: “ಅಣ್ಣಂಗೇಂತ ತಗಂಡ್ರಲ್ಲ ಅತ್ತಿಗೆ, ಈಗ ಎಂಗೆ ತಲುಪಿಸ್ತೀರಿ?” ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. “ಪಕ್ಷದ ಹಬ್ಬಕ್ಕೆ ಎಡೆ ಮಡಗ್ತೀನಿ.” ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮುಂದೆ ಇಟ್ಟು, ಬಾಗಿಲು ಮುಚ್ಚಿ, ಅವರು ಬಂದು ಮುಟ್ಟಲೆಂದು ಹೊರಗೆ ಕಾಯುತ್ತೇವೆ. ನಮ್ಮ ಮಾವನಿಗೆ ವರ್ಷವೂ ಬೀಡಿ ಕಟ್ಟು, ಬ್ರಾಂದಿ ತಪ್ಪುವುದಿಲ್ಲ. ಮಗನಿಗೆ ಕಂಪ್ಯೂಟರು ಇಟ್ಟರೇನು ತಪ್ಪು? ಅದನ್ನು ಅವರಿಗೆ ಮುಟ್ಟಿಸಿಬಿಟ್ಟರೆ ನನ್ನ ಎದೆಯ ಮೇಲಿನ ಈ ಸಿಟ್ಟೂ ಇಳಿಯುತ್ತದೆ ಎಂದುಕೊಂಡೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ಪೆಟ್ಟಿಗೆ ನೋಡಿ, “ಯಾರ ಉಪಯೋಗಕ್ಕಮ್ಮ ಇದು?” ಎಂದರು.

“ನಮ್ಮ ಯಜಮಾನ್ರಿಗೆ.”

“ಅವರು ಎಲ್ಲಿದಾರೆ?”

“ತೀರ್ಕೊಂಡಿದಾರೆ.”

ಪೆನ್ನು ನಿಂತಿತು. ಎಡೆಗೆ ಎಂದು ಬಿಡಿಸಿ ಹೇಳಿದೆ. ಅವರು ನನ್ನನ್ನೊಮ್ಮೆ ನೋಡಿ, “ನಮ್ಮ ತಂದೆಗೆ ನಾವು ನಶ್ಯ ಇಡ್ತೀವಿ” ಎಂದು ಮೆಲ್ಲಗೆ ಹೇಳಿದರು. ಹೇಳಿ, ಸುಂಕವನ್ನು ಪೂರ್ತಿ ಕಟ್ಟಿಸಿಕೊಂಡರು.

ಎಡೆ ಇಡುವುದು ಬೆಸಗರಹಳ್ಳಿಯಲ್ಲಿ, ನಮ್ಮ ಭಾವ ನಿಂಗಣ್ಣನವರ ಮನೆಯಲ್ಲಿ. ಪೆಟ್ಟಿಗೆ ನೋಡಿದ ಕೂಡಲೇ ಭಾವ ಶುರು ಮಾಡಿದರು.

“ಇದೇನವ್ವ ಗೌರಿ, ಎಡೆ ಮನೇಲಿ ಟ್ರಂಕು?”

“ಕಂಪ್ಯೂಟ್ರು ಭಾವ.”

“ತಿನ್ನಾದಾ?”

“ಅಲ್ಲ.”

“ಕುಡಿಯಾದಾ?”

“ಅಲ್ಲ.”

“ಮತ್ತೆ ಎಡೆಗ್ಯಾಕವ್ವ?”

“ಮಾವಂಗೆ ಬೀಡಿ ಮಡಗ್ತೀರಲ್ಲ, ಅದೇನ್ ಸಾರಿಗೆ ನೆಂಚ್ಕಳಾದಾ?” ಎಂದೆ. ಮದುವೆಯಾಗಿ ಬಂದ ಮೇಲೆ ಭಾವನೆದುರು ನಾನು ಆಡಿದ ಅತ್ಯಂತ ಉದ್ದದ ಮಾತು ಅದು. ಅವರು ಗಡ್ಡ ಕೆರೆದುಕೊಂಡು ಯೋಚಿಸಿದರು. “ನ್ಯಾಯ್ವೇ. ಆದ್ರೆ ಒಂದ್ ವರ್ಸ ಬೆಂಕಿಪೊಟ್ಣ ಮಡಗದ್ ಮರ್ತು, ನಮ್ಮಪ್ಪ ಕನಸಲ್ ಬಂದು ಉಗ್ದಿದ್ದ. ಇದ್ಕೂ ಕರೆಂಟ್ ಕೊಡು. ಬರೀ ಡಬ್ಬ ನೋಡ್ಕಂಡು ಅವ್ನೇನ್ ಮಾಡಾನು?” ಸಿಂಗಪುರದ ಪ್ಲಗ್ಗು ಬೆಸಗರಹಳ್ಳಿಯ ಗೋಡೆಗೆ ಹೊಂದಲಿಲ್ಲ. ಭಾವ ವೈರನ್ನು ಹಲ್ಲಿನಿಂದ ಕಚ್ಚಿ ಸುಲಿಯಲು ಹೊರಟಾಗ ನಾನು ಮತ್ತೆ ಕಿರುಚಿದೆ. ಮಂಗಳ ಓಡಿಹೋಗಿ ಅಂಗಡಿಯಿಂದ ಬೇರೆ ಪ್ಲಗ್ಗು ತಂದಳು. ಓರಗಿತ್ತಿಯ ಟೀವಿಯನ್ನು ಎತ್ತಿ ತಂದು ಜೋಡಿಸಿದೆವು. ಸ್ವಿಚ್ ಹಾಕಿದ್ದೇ ಎಲೆ, ಮುದ್ದೆ, ಮಾಂಸದ ಸಾರು, ಕಜ್ಜಾಯ, ಮಾವನ ಫೋಟೋ, ಎಲ್ಲದರ ಮೇಲೂ ಕೆಂಪು ನೀಲಿ ಬೆಳಕು. “ಥೂ, ಬಾರ್ ಇದ್ದಂಗದೆ” ಎಂದರು ಭಾವ. ಆಮೇಲೆ ಬ್ರಾಂದಿಯ ಕಡೆ ನೋಡಿ, “ಇರ್ಲಿ ಬುಡು, ನಮ್ಮಪ್ಪಂಗೂ ಖುಸಿ ಆಯ್ತದೆ” ಎಂದರು.

ಬಾಗಿಲು ಮುಚ್ಚಿ ಕಾದೆವು. ಸ್ವಲ್ಪ ಹೊತ್ತಾದ ಮೇಲೆ ಭಾವ ಕೆಮ್ಮಿ, ಬಾಗಿಲು ಬಡಿದು, ತೆಗೆದರು. ಟೀವಿಯ ಮೇಲೆ ಏನೋ ಇಂಗ್ಲಿಷು, ತಿರುಗುವ ಒಂದು ಚಕ್ರ. ಮಂಗಳ ಓದಿ, ಸಣ್ಣ ದನಿಯಲ್ಲಿ, “ಅಪ್‌ಡೇಟ್ ಆಯ್ತಾ ಇದೆಯಂತೆ ಅತ್ತಿಗೆ. ಆಫ್ ಮಾಡ್ಬ್ಯಾಡಿ, ಕಾಯಿರಿ ಅಂತದೆ” ಎಂದಳು.

ಕಾಯಿರಿ! ಅಂಗನವಾಡಿಯಲ್ಲಿ ನಾನು ಮಕ್ಕಳಿಗೆ ಆಡಬಾರದೆಂದು ಹೇಳುವ ಮಾತುಗಳಿವೆಯಲ್ಲ, ಅವನ್ನೆಲ್ಲ ಆ ಪೆಟ್ಟಿಗೆಗೆ ಆಡಿದೆ. ಭಾವನೂ ಸೇರಿಕೊಂಡರು. “ಸತ್ತೋನ್ನೂ ಕಾಯಿಸ್ತದಲ್ಲ ಮುಂಡೇದು!” ಮನೆಯವರೆಲ್ಲ ಹಸಿದು ಕೂತರು, ಮುದ್ದೆ ಆರಿತು, ಚಕ್ರ ತಿರುಗಿತು. ಕೊನೆಗೂ ಅದು ಮುಗಿದಾಗ ಮಂಗಳ ಬಸ್ಸಿನ ಆಟ ತೆರೆದಳು. ಮತ್ತೆ ಬಾಗಿಲು ಮುಚ್ಚಿದೆವು. ಈ ಸಲ ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ. ಎಂಜಿನ್ನಿನ ಗುರುಗುರು ಒಂದೇ ಸಮ ಕೇಳುತ್ತಿತ್ತು. ಗೇರು ಬೀಳಲಿಲ್ಲ. ತೆಗೆದು ನೋಡಿದರೆ ಬಸ್ಸು ಮೊದಲ ಸ್ಟಾಪಿನಲ್ಲೇ ಬಾಗಿಲು ತೆರೆದುಕೊಂಡು ನಿಂತಿದೆ. ಒಳಗೆ ಜನ ತುಂಬಿ ಕೂತಿದ್ದಾರೆ. ಓಡಿಸುವವರಿಲ್ಲ.

ಇನ್ನೇನು ಆಗುತ್ತದೆಂದು ಎಣಿಸಿದ್ದೆನೋ ಕಾಣೆ. ಸಿಟ್ಟು ಇಳಿಯಲಿಲ್ಲ. ದುಪ್ಪಟ್ಟಾಯಿತು. ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದೆ. ಭಾವ ಬಿಡಲಿಲ್ಲ. “ಎಡೆಗೆ ಮಡಗಿದ್ದ ಬ್ಯಾರೇರಿಗೆ ಕೊಡಂಗಿಲ್ಲ, ಮಾರಂಗಿಲ್ಲ. ಮನೆಯೋರೇ ಮುಗಿಸ್ಬೇಕು. ಬ್ರಾಂದಿಯ ನಾನ್ ನೋಡ್ಕತೀನಿ. ಇದ ನೀನ್ ನೋಡ್ಕೊ.”

ಹಾಗೆ ಅದು ಮದ್ದೂರಿಗೆ ಬಂದು ನಮ್ಮ ನಡುಮನೆಯಲ್ಲಿ ಕೂತಿತು. ಅನ್ನ ಹಳಸುತ್ತದೆ ಎಂದಾದರೂ ಬೇಗ ಮುಗಿಸಬಹುದು. ಇದನ್ನು ಮುಗಿಸುವುದೆಂದರೆ ಹೇಗೆ? ಒಂದು ಭಾನುವಾರ ಮಧ್ಯಾಹ್ನ, ಶಾಸ್ತ್ರ ತೀರಿಸಿದ ಹಾಗಾಗಲೆಂದು, ಅದನ್ನು ನಮ್ಮ ಟೀವಿಗೆ ಜೋಡಿಸಿ ಆಡಲು ಕೂತೆ. ಬಸ್ಸು ಹೊರಟಿತು. ಹೊರಟು ಫುಟ್‌ಪಾತ್ ಹತ್ತಿತು. ಇಳಿಸಿದೆ. ಕಂಬಕ್ಕೆ ಗುದ್ದಿತು. ಒಳಗಿನ ಜನ ಏನೋ ಬೈದರು, ನಾನೂ ಬೈದೆ. ಮುಂದೆ ಸಿಗ್ನಲ್ ಬಂತು. ಬಂದದ್ದೇ ನನ್ನ ಬಾಯಿ ತಾನಾಗಿ, “ಕೆಂಪು ಕಣ್ರೀ, ನಿಲ್ಸಿ!” ಎಂದು ಕೂಗಿತು. ನಮ್ಮ ಯಜಮಾನರು ಮೆಕ್ಯಾನಿಕ್ ಆಗಲು ಹೋದವರಲ್ಲ, ಡ್ರೈವರ್ ಆಗಲು ಹೋದವರು. ಕೆಂಪು ಹಸಿರು ಬೇರೆ ಬೇರೆ ಕಾಣುವುದಿಲ್ಲವೆಂದು ಕಣ್ಣಿನ ಪರೀಕ್ಷೆಯಲ್ಲಿ ತಿಳಿದು, ಸ್ಟೇರಿಂಗ್ ತಪ್ಪಿ ಸ್ಪ್ಯಾನರ್ ಬಂತು. ಆ ಹಳೆಯ ಕಂಪ್ಯೂಟರಿನ ಮಸುಕಿನಲ್ಲಿ ಮೇಲಿನ ದೀಪ ಯಾವುದು, ಕೆಳಗಿನದು ಯಾವುದು ಎಂದೂ ತಿಳಿಯುತ್ತಿರಲಿಲ್ಲ. “ಗೌರೀ, ಯಾವ ಬಣ್ಣ?” ಎನ್ನುವರು. ನಾನು ಅಡುಗೆಮನೆಯ ಬಾಗಿಲಿಗೆ ಬಂದು, ಸೌಟು ಹಿಡಿದುಕೊಂಡೇ ಹೇಳಬೇಕು. ಅಷ್ಟು ವರ್ಷ ಆ ಪರದೇಶದ ಊರಿನ ಟ್ರಾಫಿಕ್ಕು ನಡೆದದ್ದು ನನ್ನ ಬಾಯಿಂದ. ಅವತ್ತೂ ನಾನು ಕೂಗಿದೆ. ನಿಲ್ಲಿಸಬೇಕಾದವರು ಇರಲಿಲ್ಲ. ಬಸ್ಸು ಕೆಂಪಿನಲ್ಲೇ ನುಗ್ಗಿ ಒಂದು ಕಾರಿಗೆ ಗುದ್ದಿತು. ಬಾಯಿಗೆ ಬಂದಂತೆ ಉಗಿಯತೊಡಗಿದೆ. ಕಾದಿದ್ದಕ್ಕೆ, ಕೊಳ್ಳದೆ ಹೋದದ್ದಕ್ಕೆ, ಬೂಟಿನ ದಾರಕ್ಕೆ, ಎಲ್ಲಕ್ಕೂ.

ಪಕ್ಕದ ಮನೆಯ ಜಯಮ್ಮ ಬಾಗಿಲಲ್ಲಿ ಇಣುಕಿದಳು. “ಯಾರಿಗವ್ವ ಅಂಗ್ ಉಗೀತಿದ್ದೀಯೆ?”

“ನಮ್ಮನೆಯೋರಿಗೆ.”

“ಅವ್ರು ಇಲ್ವಲ್ಲವ್ವ!”

“ಇಲ್ಲ ಅಂತ್ಲೇ ಉಗೀತಿರಾದು.”

ಜಯಮ್ಮ ಒಳಗೆ ಬಂದು ನೆಲದ ಮೇಲೆ ಕಾಲು ಚಾಚಿ ಕೂತು ಟೀವಿ ನೋಡಿದಳು. ಸಾಂತ್ವನ ಹೇಳಲಿಲ್ಲ, ಬೆನ್ನು ಸವರಲಿಲ್ಲ. ನಾನು ಕನ್ನಡಕ ಒರೆಸಿಕೊಂಡು ಮತ್ತೆ ಬಸ್ಸು ಹೊರಡಿಸಿದೆ. ಒಂದು ತಿರುವು ದಾಟಿದೆವು. “ಕೆಂಪು ಬಿತ್ತು, ನಿಲ್ಸವ್ವ” ಎಂದಳು ಜಯಮ್ಮ. ನನಗೆ ಸುರ್ರೆಂದು ರೇಗಿತು. “ನಂಗೂ ಕಣ್ಣವೆ, ಬಾಯ್ಮುಚ್ಕಂಡು ಕುಂತ್ಕೊ” ಎಂದೆ. ಬ್ರೇಕು ಮಾತ್ರ ಒತ್ತಿದೆ.