ನಮ್ಮಣ್ಣ ಬರೆದ ಆಕಾಶ

ನಗು ತರಿಸುವ ಪ್ರಸಂಗಗಳು ಎಲ್ಲರ ಬಾಳಿನಲ್ಲೂ ಆಗೊಂದು ಈಗೊಂದು ನಡೆಯುತ್ತವೆ. ನಮ್ಮಣ್ಣನ ಮನೆಗೆ ಮಾತ್ರ ಅವು ವಿಳಾಸ ಕೇಳಿಕೊಂಡು ಬರುತ್ತಿದ್ದವು. ಅವನು ಹೋದ ಮೇಲೆ ಅವನ್ನೆಲ್ಲ ಹೇಳಿ ಜನರನ್ನು ನಗಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಗಿಸುತ್ತೇನೆ. ಆಮೇಲೆ ಮನೆಗೆ ಬಂದರೆ ಊಟ ಸೇರುವುದಿಲ್ಲ.

ಚಿಕ್ಕಬಳ್ಳಾಪುರದಲ್ಲಿ ನಮ್ಮದು ನಾಟಕದವರಿಗೆ ಕಿರೀಟ, ಗದೆ, ಪರದೆ ಒದಗಿಸುವ ಅಂಗಡಿ. ಅಣ್ಣ ಪರದೆ ಬರೆಯುವವನು. ನಾನು ಅವನ್ನು ಸುತ್ತಿ, ಬಸ್ಸಿನ ಮೇಲೆ ಹಾಕಿಸಿಕೊಂಡು ಊರೂರಿಗೆ ಹೋಗಿ, ಕಟ್ಟಿಸಿ, ಬೈಸಿಕೊಂಡು ಬರುವವನು. ಬೈಗುಳ ಯಾಕೆಂದರೆ ಅಣ್ಣನಿಗೆ ಆಕಾಶದ ಹುಚ್ಚು. ನಾಟಕದವರಿಗೆ ಬೇಕಾದದ್ದು ಅರಮನೆ, ಕಾಡು, ಬೀದಿ, ಉದ್ಯಾನ. ಇವನೋ, ಅರಮನೆಗೆ ಕೈಗೆ ಸಿಕ್ಕ ಬಣ್ಣ ಬಳಿದು, ಅದರ ಮೇಲಿನ ಗೇಣಗಲದ ಆಕಾಶಕ್ಕೆ ವಾರಗಟ್ಟಲೆ ಕೂರುತ್ತಿದ್ದ.

ಆ ಹೊತ್ತಿಗಾಗಲೇ ಅವನ ಕಣ್ಣು ಮಂದವಾಗತೊಡಗಿತ್ತು. ಅದು ಪೂರ್ತಿ ಹೋಗುವುದರೊಳಗೆ ಆಕಾಶವನ್ನು ಇದ್ದ ಹಾಗೇ ಒಂದು ಪರದೆಯಲ್ಲಿ ಬರೆಯಬೇಕು, ನೋಡಿದ ಜನ 'ಇದು ನಮ್ಮದು' ಅನ್ನಬೇಕು. ಅವನಿಗೆ ಇದ್ದದ್ದು ಅದೊಂದೇ ಆಸೆ. ನನಗೆ ಆಗ ಅದು ತಲೆನೋವು ಅನ್ನಿಸುತ್ತಿತ್ತು.

ಕಾಲು ಮೇಲಾದ ಮೊಲ

ಒಂದು ಸಲ ಊರಾಚೆ ತೋಪಿನಲ್ಲಿ ಸರ್ವೆಯವರು ಡೇರೆ ಹಾಕಿದ್ದರು. ಅವರ ಅಳತೆಯ ಕೋಲುಗಳಿಗೆ ಕೆಂಪು ಬಿಳಿ ಪಟ್ಟೆ ಬಳಿಯಲು ಅಣ್ಣನನ್ನು ಕರೆಸಿದರು. ಕೆಲಸ ಮುಗಿಯುವಾಗ ಸಂಜೆಯಾಗಿ, ಪಡುವಣದಲ್ಲಿ ಎಳೆ ಚಂದ್ರ ಕಾಣುತ್ತಿದ್ದ. ಅವರು ಜಮೀನು ಅಳೆಯುವ ದುರ್ಬೀನನ್ನು ಅತ್ತ ತಿರುಗಿಸಿ "ನೋಡಯ್ಯ" ಅಂದರಂತೆ.

ಅಣ್ಣ ಮನೆಗೆ ಬಂದವನೇ ನನ್ನ ತೋಳು ಹಿಡಿದುಕೊಂಡ. "ಚಂದ್ರನ ಮೇಲೆ ಗುಂಡಿಗಳಿವೆ ಕಣೋ! ಗುಂಡಿ ಅಂಚಿಗೆ ಬಿಸಿಲು ಬಿದ್ದು, ಒಳಗಡೆ ನೆರಳು ನಿಂತಿದೆ. ನಮ್ಮ ಬಿಸಿಲೇ ಕಣೋ, ನಮ್ಮೂರಿಗೆ ಬೀಳೋ ಬಿಸಿಲೇ!"

ಅತ್ತಿಗೆ ತಟ್ಟೆ ಇಟ್ಟರು. ಅವನು ಮುದ್ದೆಯನ್ನು ದೀಪದ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಗುಂಡಿ ಮಾಡಿ, ನೆರಳು ಹೇಗೆ ಬೀಳುತ್ತದೆ ಅಂತ ನೋಡುತ್ತ ಕೂತ. ಅತ್ತಿಗೆ ಸಾರನ್ನು ಆ ಗುಂಡಿಗೇ ಬಿಟ್ಟರು.

ಹುಣ್ಣಿಮೆಯ ತನಕ ದಿನಾ ಸಂಜೆ ತೋಪಿಗೆ ಹೋಗಿ ನೋಡಿ ಬಂದು, ಉದ್ಯಾನದ ಪರದೆಯಲ್ಲಿದ್ದ ಹಳೇ ಚಂದ್ರನನ್ನು ಅಳಿಸಿ ಹೊಸದಾಗಿ ಬರೆದ. ಅದನ್ನು ಗೌರಿಬಿದನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕಟ್ಟಿದೆವು. ಕಟ್ಟಿದ ಕೂಡಲೇ ಗಲಾಟೆ ಶುರುವಾಯಿತು. ನಾವೆಲ್ಲ ಚಂದ್ರನಲ್ಲಿ ಮೊಲ ಕಾಣುವ ಜನ. ಪರದೆಯ ಚಂದ್ರನಲ್ಲೂ ಮೊಲ ಇತ್ತು, ಆದರೆ ನಾಲ್ಕು ಕಾಲೂ ಮೇಲೆ! ಸರ್ವೆಯ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದಂತೆ, ಅವರಿಗೆ ಅದು ರೂಢಿ. ಅಣ್ಣ ಕಂಡದ್ದನ್ನು ಕಂಡ ಹಾಗೇ ಬರೆದಿದ್ದ.

"ಏನಯ್ಯ ಇದು, ಮೊಲ ಸತ್ತು ಬಿದ್ದೈತೆ?" ಅಂದರು ನಾಟಕ ಆಡಿಸುತ್ತಿದ್ದ ಯಜಮಾನರು. "ಮದುವೆ ಸೀನಿಗೆ ಇದನ್ನ ಹೆಂಗಯ್ಯ ಬಿಡೋದು?"

ಯಾರೋ ಪರದೆಯನ್ನೇ ತಿರುಗಿಸಿ ಕಟ್ಟಿ ಅಂದರು. ಕಟ್ಟಿದೆವು. ಮೊಲ ಎದ್ದು ಕೂತಿತು, ಉದ್ಯಾನದ ಮರಗಳೆಲ್ಲ ಬಾವಲಿಗಳ ಹಾಗೆ ಜೋತುಬಿದ್ದವು. ಕೊನೆಗೆ ಅಣ್ಣ ಕೈಮುಗಿದು, "ಯಜಮಾನ್ರೇ, ಸರ್ವೆಯವರ ದುರ್ಬೀನಲ್ಲಿ ಹಿಂಗೇ ಕಾಣ್ಸಿದ್ದು, ದೇವರಾಣೆ" ಅಂದ.

ಯಜಮಾನರು ಪರದೆಯನ್ನು ಮರೆತೇಬಿಟ್ಟರು. "ಏನಂದೆ? ಅದೇ ದುರ್ಬೀನಲ್ಲೇನಯ್ಯ ನನ್ನ ಹೊಲ ಅಳೆದಿದ್ದು? ಅದಕ್ಕೇ ನನ್ನ ಬದು ಪಕ್ಕದವನ ಪಾಲಿಗೆ ಹೋಗಿರೋದು!"

ಚಂದ್ರಮುಖಿ

ಅದೇ ಪರದೆ ಚಿಂತಾಮಣಿಗೆ ಹೋಯಿತು. ಈ ಸಲ ಅಣ್ಣ ಮೊಲವನ್ನು ಸರಿಯಾಗಿ ಕೂರಿಸಿದ್ದ. ಗುಂಡಿಗಳನ್ನು ಮಾತ್ರ ಬಿಟ್ಟಿರಲಿಲ್ಲ, ಒಂದೊಂದಕ್ಕೂ ನೆರಳು ಕೊಟ್ಟಿದ್ದ. "ಇಷ್ಟು ಗುಂಡಿ ಯಾಕಣ್ಣ, ಯಾರು ಎಣಿಸ್ತಾರೆ?" ಅಂದರೆ, "ಚಂದ್ರ ಎಣಿಸ್ತಾನೆ ಕಣೋ" ಅಂದಿದ್ದ.

ರಾಣಿಯ ಪಾತ್ರ ಮಾಡುತ್ತಿದ್ದವನಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದು ಮುಖದ ತುಂಬ ಕಲೆ ಉಳಿದಿತ್ತು. ದಪ್ಪ ಬಣ್ಣ ಬಳಿದು ಮುಚ್ಚುತ್ತಿದ್ದ. ಅವತ್ತು ಸೆಕೆ, ಬಣ್ಣ ಕರಗಿ ಇಳಿದಿತ್ತು. ರಾಜ ಅವನ ಗಲ್ಲ ಹಿಡಿದು, ಚಂದ್ರನಂಥ ಮುಖ ನಿನ್ನದು ಅಂತ ರಾಗ ಎಳೆದ. ಜನ ಚಂದ್ರನನ್ನು ನೋಡಿದರು, ರಾಣಿಯನ್ನು ನೋಡಿದರು, ಮತ್ತೆ ಚಂದ್ರನನ್ನು ನೋಡಿದರು. ಆಮೇಲೆ ಎದ್ದ ನಗುವಿಗೆ ಹಾರ್ಮೋನಿಯಂ ಕೂಡ ನಿಂತುಹೋಯಿತು.

ನಾಟಕ ಮುಗಿದ ಮೇಲೆ ರಾಣಿ ಸೀರೆ ಎತ್ತಿಕಟ್ಟಿಕೊಂಡು ನಮ್ಮ ಕಡೆ ಬಂದ. ಏಟು ಬೀಳುತ್ತದೆ ಅಂದುಕೊಂಡು ನಾನು ಅಣ್ಣನ ಮುಂದೆ ನಿಂತೆ. ಅವನು ನನ್ನನ್ನು ಪಕ್ಕಕ್ಕೆ ತಳ್ಳಿ ಅಣ್ಣನನ್ನು ಕೇಳಿದ, "ನಿಜವಾಗ್ಲೂ ಹಿಂಗೇ ಐತಾ ಚಂದ್ರ?"

"ಹಿಂಗೇ ಇದೆಯಪ್ಪ. ಆ ಗುಂಡಿಗಳಿಂದ್ಲೇ ಅದಕ್ಕೆ ಚಂದ."

ಅವನು ಸೆರಗಿನಲ್ಲಿ ಕಣ್ಣೊರೆಸಿಕೊಂಡ. ಅವತ್ತಿನಿಂದ ಅವನು ಯಾವ ಕಂಪನಿಯವರು ಕರೆದರೂ ಒಂದೇ ಮಾತು: "ಆ ಚಂದ್ರ ತರ್ಸಿದ್ರೆ ಸೀರೆ ಉಡ್ತೀನಿ. ಇಲ್ದಿದ್ರೆ ನಿಮ್ಮ ರಾಜ ಒಬ್ಬಂಟಿಯಾಗೇ ಇರ್ಲಿ."

ಗ್ರಹಗಳನ್ನು ಬಿಡಿಸಿದ್ದು

ಎಂಟು ಗ್ರಹಗಳು ಒಟ್ಟಿಗೆ ಸೇರುತ್ತವೆ, ಪ್ರಳಯ ಆಗುತ್ತದೆ ಅಂತ ದೇಶವೇ ಹೆದರಿದ ಅಷ್ಟಗ್ರಹದ ಕಾಲ. ನಾಟಕಗಳೆಲ್ಲ ನಿಂತುಹೋದವು. ಪ್ರಳಯ ಆಗುವುದಾದರೆ ಕಿರೀಟ ಯಾರಿಗೆ ಬೇಕು? ಆಗ ಮಂಚೇನಹಳ್ಳಿ ಕಡೆಯಿಂದ ನಾಲ್ಕಾರು ಹಿರಿಯರು ಅಂಗಡಿಗೆ ಬಂದರು.

"ಒಂದು ಪರದೆ ಬರೆದುಕೊಡಪ್ಪ. ಎಂಟು ಗ್ರಹಾನೂ ಇರ್ಬೇಕು. ಆದ್ರೆ ಒಂದಕ್ಕೊಂದು ದೂರ ದೂರ ಬರೀಬೇಕು. ಅದರ ಮುಂದೆ ಪೂಜೆ ಮಾಡ್ತೀವಿ."

ಅಣ್ಣ ಅವರನ್ನು ಬಜಾರಿನ ರಸ್ತೆಗೆ ಕರೆದುಕೊಂಡು ಹೋದ. ಒಂದು ತುದಿಯಲ್ಲಿ ನಿಲ್ಲಿಸಿ, "ಲೈಟು ಕಂಬ ನೋಡಿ. ಎಲ್ಲ ಒಂದಕ್ಕೊಂದು ಅಂಟ್ಕೊಂಡಂಗೆ ಕಾಣ್ತಾವಲ್ಲ? ನಡ್ಕೊಂಡು ಹೋಗಿ, ಎಷ್ಟು ದೂರ ದೂರ ಇದಾವೆ ಗೊತ್ತಾಗ್ತದೆ. ಗ್ರಹಗಳೂ ಹಂಗೇ, ಅವು ಸೇರೋದಿಲ್ಲ, ನಮ್ಮ ಕಣ್ಣಿಗೆ ಸೇರಿದಂಗೆ ಕಾಣ್ತಾವೆ" ಅಂದ. ಆ ಮಾತು ಹೇಳುವಾಗ ಅವನಿಗೆ ಮೂರನೇ ಕಂಬದಾಚೆ ಏನೂ ಕಾಣುತ್ತಿರಲಿಲ್ಲ. ಅದು ಗೊತ್ತಿದ್ದವರು ನಾನೂ ಅತ್ತಿಗೆಯೂ ಮಾತ್ರ.

ಹಿರಿಯರು ಕಂಬದಿಂದ ಕಂಬಕ್ಕೆ ನಡೆದುಹೋಗಿ ವಾಪಸ್ ಬಂದರು. ಎಲ್ಲರಿಗೂ ಚೆನ್ನಾಗಿ ಅರ್ಥವಾಗಿತ್ತು. "ಸರಿ ಸ್ವಾಮಿ, ನೀವು ಹೇಳೋದು ನಿಜ" ಅಂದರು. "ಈಗ ಪರದೆ ಬರೀರಿ."

ಬರೆದ. ಶನಿಗೆ ಬಳೆ, ಗುರುವಿಗೆ ಪಟ್ಟೆ, ಒಂದೊಂದನ್ನು ಒಂದೊಂದು ಮೂಲೆಗೆ. ಕಣ್ಣಿಗೆ ಕಾಣದ ಕೇತುವನ್ನು ಏನು ಮಾಡಲಿ ಅಂತ ಒದ್ದಾಡಿ, ಒಂದಿಷ್ಟು ಜಾಗ ಖಾಲಿ ಬಿಟ್ಟ. ಹೇಳಿದ ದಿನ ಬಂತು, ಹೋಯಿತು, ಏನೂ ಆಗಲಿಲ್ಲ. ಮರುದಿನವೇ ತೆಂಗಿನಕಾಯಿ, ಬಾಳೆಗೊನೆ ಹೊತ್ತುಕೊಂಡು ಜನ ಬಂದರು: ಗ್ರಹಗಳನ್ನು ಬಿಡಿಸಿದ ಪುಣ್ಯಾತ್ಮ ಇವರೇ! ಅಣ್ಣ ತಲೆ ಚಚ್ಚಿಕೊಂಡ. ಅವರ ಹಿಂದೆ ಒಬ್ಬ ಹೆಂಗಸು ಕಾದಿದ್ದು, ಎಲ್ಲರೂ ಹೋದ ಮೇಲೆ ಮೆತ್ತಗೆ ಕೇಳಿದಳು.

"ನಮ್ಮತ್ತೇನೂ ನನ್ನೂ ಒಂದು ಪರದೇಲಿ ದೂರ ದೂರ ಬರೆದುಕೊಡ್ತೀಯಾಣ್ಣ?"

ಕಣ್ಣೊಳಗಿನ ಮರ

ಇದನ್ನು ಹೇಳಿ ನಗಿಸುವುದು ನನಗೆ ಕಷ್ಟ. ಆದರೂ ನಕ್ಕವನು ಅವನೇ, ಅದಕ್ಕೆ ಹೇಳುತ್ತೇನೆ.

ಬೆಂಗಳೂರಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕತ್ತಲ ಕೋಣೆಯಲ್ಲಿ ಕೂರಿಸಿ, ಒಂದು ಸಣ್ಣ ದೀಪ ಹಿಡಿದು ಕಣ್ಣೊಳಗೆ ಬಹಳ ಹೊತ್ತು ನೋಡಿದರು. ದೀಪ ಆರಿಸಿ, ಅಣ್ಣನನ್ನು ಬಿಟ್ಟು ನನ್ನ ಮುಖ ನೋಡಿದರು.

"ಇದು ಪೊರೆಯಲ್ಲ, ತೆಗೆದು ಸರಿಮಾಡೋಕೆ. ಒಳಗಿನ ನರ ಒಣಗ್ತಾ ಇದೆ. ಇನ್ನು ಕೆಲವು ವರ್ಷ, ಅಷ್ಟೇ. ಮನಸ್ಸು ಗಟ್ಟಿ ಮಾಡ್ಕೊಬೇಕು" ಅಂದರು.

ಅಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೇಳಿದ, "ಸ್ವಾಮಿ, ನೀವು ದೀಪ ಬಿಟ್ಟಾಗ ಒಂದು ಮರ ಕಾಣ್ಸ್ತಲ್ಲ, ಅದೇನು? ಎಲೆ ಇಲ್ಲದ್ದು, ಬರೀ ಕೊಂಬೆ, ಎಷ್ಟು ಸಣ್ಣ ಕೊಂಬೆ ಅಂತೀರಿ!"

"ಅದು ನಿಮ್ಮ ಕಣ್ಣಿನ ರಕ್ತನಾಳಗಳ ನೆರಳು. ಬೆಳಕು ಬಿದ್ದಾಗ ನಿಮಗೇ ಕಾಣಿಸುತ್ತೆ."

"ನನ್ನ ಕಣ್ಣೊಳಗೇ? ಇಷ್ಟು ವರ್ಷ ಅಲ್ಲೇ ಇತ್ತಾ?" ಅಂದ. ಅವನ ಮುಖ ನೋಡಬೇಕಿತ್ತು. ಹಬ್ಬದ ದಿನದ ಮುಖ.

ಡಾಕ್ಟರಿಗೆ ಅನುಮಾನ ಬಂತು. "ನಾನು ಹೇಳಿದ್ದು ಅರ್ಥ ಆಯ್ತೇನ್ರೀ?" ಅಂತ ಗಟ್ಟಿಯಾಗಿ ಕೇಳಿದರು.

"ಆಯ್ತು ಸ್ವಾಮಿ, ಕಣ್ಣು ಹೋಗ್ತದೆ. ಇನ್ನೊಂದ್ಸಲ ದೀಪ ಬಿಡಿ, ಬಲಗಡೆ ಕೊಂಬೆ ಸರಿಯಾಗಿ ನೋಡ್ಕೊಳ್ಳಲಿಲ್ಲ."

ನಮ್ಮನೆ ಎಲ್ಲಿ

ಮನುಷ್ಯರು ಚಂದ್ರನನ್ನು ಸುತ್ತಿ ಬಂದರು. ಅಲ್ಲಿಂದ ತೆಗೆದ ಭೂಮಿಯ ಚಿತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಅಣ್ಣ ಪತ್ರಿಕೆಯನ್ನು ಮೂಗಿಗೆ ಹತ್ತಿಸಿಕೊಂಡು ನೋಡಿದ, ಬಿಸಿಲಿಗೆ ಹಿಡಿದು ನೋಡಿದ, ಕೊನೆಗೆ ನನಗೆ ಕೊಟ್ಟ.

"ಏನಿದೆ ಹೇಳು."

"ಕಪ್ಪಗಿದೆ. ಮಧ್ಯೆ ಒಂದು ಉಂಡೆ."

"ಉಂಡೆ ಹೆಂಗಿದೆ?"

"ಮಸುಕು ಮಸುಕು."

"ನಿನ್ನ ಕಣ್ಣು ನನ್ನದಕ್ಕಿಂತ ಕಡೆಯಾಯ್ತಲ್ಲೋ" ಅಂದ. ಆಮೇಲೆ ಹೈಸ್ಕೂಲ್ ಮೇಷ್ಟರನ್ನು ಹಿಡಿದು ಕೇಳಿಕೊಂಡು ಬಂದ: ನೀಲಿ ಬಣ್ಣವಂತೆ, ಮೇಲೆ ಬಿಳಿ ಮೋಡವಂತೆ, ಸುತ್ತ ಏನೂ ಇಲ್ಲವಂತೆ. ಆ 'ಏನೂ ಇಲ್ಲ' ಅನ್ನುವುದನ್ನು ದಿನವಿಡೀ ಬಾಯಲ್ಲಿ ಆಡಿಸಿಕೊಂಡು ಓಡಾಡಿದ.

ಬಟ್ಟೆಯನ್ನು ನೆಲಕ್ಕೆ ಹಾಸಿದೆವು. ಅತ್ತಿಗೆ ದಾರದ ಒಂದು ತುದಿಯನ್ನು ನಡುವೆ ಒತ್ತಿಹಿಡಿದು ಕೂತರು, ಇನ್ನೊಂದು ತುದಿ ಹಿಡಿದು ಅಣ್ಣ ಅವರ ಸುತ್ತ ಮಂಡಿಯಲ್ಲೇ ಬಂದ. ಆಮೇಲೆ ಬಣ್ಣ ಹಾಕುವಾಗಲೂ "ಎಡಕ್ಕೆ, ಇನ್ನೊಂಚೂರು, ಸಾಕು" ಅಂತ ಅತ್ತಿಗೆಯೇ ಹೇಳಬೇಕು. ಸಾಕು ಅಂದಾಗಲೆಲ್ಲ ಜಗಳ. ಪರದೆ ಮುಗಿಯುವ ಹೊತ್ತಿಗೆ ಅವನಿಗೆ ಹಗಲು ಯಾವುದು, ರಾತ್ರಿ ಯಾವುದು ಅನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು.

"ಯಾವ ನಾಟಕದಲ್ಲಿ ಬರ್ತದಣ್ಣ ಈ ಸೀನು?" ಅಂದೆ.

"ಒಂದ್ಸಲ ಕಟ್ಸೋ. ಜನ ನೋಡ್ಲಿ, ಏನಂತಾರೆ ಕೇಳಿಸ್ಕೊಂತೀನಿ. ಆಮೇಲೆ ಹರಿದು ಗೋಣಿ ಮಾಡ್ಕೊ" ಅಂದ. ಅವನು ನನ್ನನ್ನು ಬೇಡಿಕೊಂಡದ್ದು ಅದೊಂದೇ ಸಲ. ಕಟ್ಟಿಸುತ್ತೇನೆ ಅಂದೆ.

ಶಿಡ್ಲಘಟ್ಟದಲ್ಲಿ ನಾಟಕ. ಸಂಜೆ, ಆಟ ಶುರುವಾಗುವ ಮುಂಚೆ, ಅದನ್ನು ಮುಂದೆ ಕಟ್ಟಿಸಿದೆ. ಅಣ್ಣ, ಅತ್ತಿಗೆ ಇಬ್ಬರೂ ರಂಗದ ಪಕ್ಕದಲ್ಲೇ ಕೂತರು. ರೇಷ್ಮೆ ನೂಲು ತೆಗೆಯುವವರು ಕೆಲಸ ಬಿಟ್ಟು ನೇರ ಬಂದಿದ್ದರು, ಇಡೀ ಚಪ್ಪರ ಬೇಯಿಸಿದ ಗೂಡಿನ ವಾಸನೆ ಹೊಡೆಯುತ್ತಿತ್ತು. ಕಪ್ಪು ಪರದೆ, ನಡುವೆ ನೀಲಿ ಉಂಡೆ. ಜನ ಕತ್ತು ಚಾಚಿ ನೋಡಿದರು. ಆಮೇಲೆ ಹಿಂದಿನಿಂದ ಒಬ್ಬ, "ಏನಪ್ಪಾ ಇದು, ಬಲೂನಾ?" ಅಂದ. ಅಣ್ಣನ ಮುಖ ಸಣ್ಣಗಾಯಿತು. ನನಗೆ ಪರದೆ ಎಳೆದು ಹಾಕಿಬಿಡೋಣ ಅನ್ನಿಸಿತು.

ಹಾಸ್ಯದ ಪಾತ್ರದವನು ಅರ್ಧ ಮುಖಕ್ಕೆ ಬಣ್ಣ ಬಳಿದುಕೊಂಡವನು, ಹಾಗೇ ಹೊರಗೆ ಬಂದ. "ಬಲೂನಲ್ಲ ಕಣ್ರಪ್ಪೋ, ಇದು ನಾವೇ! ಚಂದ್ರನ ಮೇಲೆ ನಿಂತು ನೋಡಿದ್ರೆ ನಾವು ಹಿಂಗೆ ಕಾಣ್ತೀವಿ. ಶಿಡ್ಲಘಟ್ಟಾನೂ ಇದ್ರಲ್ಲೇ ಐತೆ!"

ಚಪ್ಪರದಲ್ಲಿ ಗುಜುಗುಜು ಎದ್ದಿತು. ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಎದ್ದು ನಿಂತು, "ಮಾ ಇಲ್ಲು ಎಕ್ಕಡ ನಾಯನಾ? ನಮ್ಮನೆ ಎಲ್ಲೈತೆ?" ಅಂತ ಕೂಗಿದಳು.

ಅಷ್ಟೇ ಸಾಕಾಯಿತು. ಜನ ರಂಗಕ್ಕೆ ನುಗ್ಗಿ ಬಂದರು. ಬರೆದವರೇ ತೋರಿಸಬೇಕು ಅಂತ ಹಟ. ಅತ್ತಿಗೆ ಅಣ್ಣನನ್ನು ಎಬ್ಬಿಸಿ, ಪರದೆಯ ಮುಂದೆ ನಿಲ್ಲಿಸಿ, ಅವನ ಬೆರಳನ್ನು ನೀಲಿಯ ಮೇಲೆ ಇಟ್ಟರು. ಅಣ್ಣ "ಇಲ್ಲಿ ಕಣಮ್ಮ ನಿಮ್ಮನೆ" ಅಂದ. ಅಜ್ಜಿ ಅಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನೂಲು ತೆಗೆಯುವ ಸಾಬರೊಬ್ಬರು ಮುರುಗಮಲ್ಲದ ದರ್ಗಾ ಎಲ್ಲಿ ಅಂತ ಕೇಳಿದರು. ಅಣ್ಣ ಬೆರಳನ್ನು ಅಲುಗಿಸಲೇ ಇಲ್ಲ. "ಇಲ್ಲೇ, ಪಕ್ಕದಲ್ಲೇ."

"ಇಷ್ಟು ಹತ್ರಾನಾ? ಮತ್ತೆ ಆ ಬಸ್ಸಿನೋನು ಅರ್ಧ ದಿನ ಮಾಡ್ತಾನಲ್ಲ!" ಅಂದರು ಅವರು.

ಒಬ್ಬರಾದ ಮೇಲೆ ಒಬ್ಬರು ಬಂದರು. ಗಂಡನ ಮನೆ, ತವರುಮನೆ, ಕೆರೆ ಏರಿ, ನಗರಗೆರೆಯಲ್ಲಿರುವ ಮಗಳು, ಎಲ್ಲವೂ ಅಣ್ಣನ ಬೆರಳಿನ ತುದಿಯಲ್ಲೇ ಇದ್ದವು. ಯಾರೂ ಇದು ನಮ್ಮದಲ್ಲ ಅನ್ನಲಿಲ್ಲ. ಅಣ್ಣ ಅಷ್ಟು ಸಂತೋಷಪಟ್ಟದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಮಾತಿನ ಭರದಲ್ಲಿ ಅತ್ತ ತಿರುಗಿ, ಇತ್ತ ತಿರುಗಿ, ಕೈ ಬೀಸುತ್ತ ಪಕ್ಕಕ್ಕೆ ಸರಿದದ್ದು ಅವನಿಗೆ ತಿಳಿಯಲಿಲ್ಲ.

ಕೊನೆಗೆ ಆ ಅಜ್ಜಿಯೇ ಕೇಳಿದಳು, "ಎಲ್ಲರ ಮನೆ ತೋರ್ಸ್ದೆ, ನಿಮ್ಮನೆ ಎಲ್ಲಪ್ಪ?"

ಅಣ್ಣ ನಗುತ್ತ ಬೆರಳು ಚಾಚಿ ಪರದೆಗೆ ಒತ್ತಿದ. ಭೂಮಿ ಒಂದು ಮಾರು ಆಚೆ ಇತ್ತು. ಅವನ ಬೆರಳು ಬರೀ ಕಪ್ಪಿನಲ್ಲಿತ್ತು.

ಗದ್ದಲ ತಟ್ಟನೆ ನಿಂತಿತು. ಅಷ್ಟು ಜನಕ್ಕೂ ಒಂದೇ ಸಲ ಗೊತ್ತಾಯಿತು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ಅಣ್ಣ ಆ ಮೌನವನ್ನು ಕೇಳಿಸಿಕೊಂಡು, ಬೆರಳು ತೆಗೆಯದೆ, ನನ್ನ ಕಡೆ ಮುಖ ತಿರುಗಿಸಿದ.

"ಎಲ್ಲಿಟ್ನೋ?"

ನನಗೆ ಸುಳ್ಳು ಹೇಳಲಾಗಲಿಲ್ಲ. "ಆಚೆ ಅಣ್ಣ. ಕತ್ತಲಲ್ಲಿ."

ಅವನು ಅಜ್ಜಿಯ ಕಡೆ ತಿರುಗಿ ಹೇಳಿದ: "ಸರಿಯಾಗೇ ಇಟ್ಟಿದೀನಿ ಬಿಡಮ್ಮ. ನಮ್ಮದು ಬಾಡಿಗೆ ಮನೆ, ಊರಾಚೆ, ಇನ್ನೂ ಲೈಟು ಕೊಟ್ಟಿಲ್ಲ."