ಹಡಗಿಗೂ ಚಾಸಿ ನಂಬರ್ ಇರತೈತೇನು?

ಹಡಗಿನ್ಯಾಗ ಕೆಲಸ ಮಾಡಾವರಿಗೆ ಸಮುದ್ರದಾಗ ಫಜೀತಿ ಕಡಿಮಿ. ರಜಾಕ್ಕ ನಮ್ಮೂರು ಬೈಲಹೊಂಗಲಕ್ಕ ಬಂದೆ ಅಂದ್ರ ನೋಡ್ರಿ, ಸುಮ್ನ ಕುಂತ್ರೂ ಒಂದಿಲ್ಲೊಂದು ಬಂದು ಗಂಟು ಬೀಳತೈತಿ.

ಬಾವುಟ

ಎರಡು ಸಾವಿರದ ಇಸ್ವಿ ದಾಟಿ ನಾಕೈದು ವರ್ಷ ಆಗಿತ್ತು. ರಾಮದುರ್ಗದಾಗ ಒಂದು ಕನ್ಯಾ ನೋಡಿ ಬಂದಿದ್ದೆ. ಮದುವಿ ಆದ್ರ ಈಕಿನ್ನ ಅಂತ ಮನಸು ಕುಂತುಬಿಟ್ಟಿತ್ತು. ಆಕಿ ಅಪ್ಪ ಲಾರಿ ಮಾಲಕ. ವರನ ಬಗ್ಗೆ ಗುಟ್ಟಾಗಿ ಕೇಳಿಕೊಂಡು ಬಾ ಅಂತ ಕಿತ್ತೂರಿನ್ಯಾಗಿದ್ದ ತಮ್ಮನ್ನ ಕಳಿಸಿದ್ರು. ಆ ಪುಣ್ಯಾತ್ಮ ನಮ್ಮ ಓಣ್ಯಾಗ ಕಟ್ಟಿ ಮ್ಯಾಲೆ ಕುಂತಿದ್ದ ನಮ್ಮವ್ವನ್ನ, ಯಾರಂತ ಗೊತ್ತಿಲ್ಲದ, ಕೇಳಿದ: "ಇಲ್ಲಿ ಹಡಗಿನ ಹುಡುಗ ಹೆಂಗದಾನ್ರಿ?"

"ಬಂಗಾರದಂಥಾ ಹುಡುಗ! ಅವನ ಹಡಗಿನ ಮಾಲಕ ಗ್ರೀಸಿನಾಂವ, ಬಾವುಟ ಪನಾಮಾದ್ದು."

"ಹಂಗಾರ ಪನಾಮಾ ನೋಡ್ಯಾನೇನ್ರಿ?"

"ಆ ಹಡಗ ಇನ್ನೂ ಪನಾಮಾ ನೋಡಿಲ್ಲಂತ, ಇಂವ ಎಲ್ಲಿಂದ ನೋಡ್ತಾನು!"

ಹೆಸರು

ಆಕಿ ಅಪ್ಪ ನನ್ನ ಕರಸಿದ್ರು. "ತಮ್ಮಾ, ಬಾವುಟದ್ದು ತಿಳೀತು. ನಮ್ಮ ಲಾರಿನೂ ನಿಂದರೂದು ರಾಮದುರ್ಗದಾಗ, ನಂಬರ್ ನಾಗಾಲ್ಯಾಂಡಿಂದು. ಖರ್ಚು ಎಲ್ಲಿ ಕಡಿಮಿ, ಅಲ್ಲಿ ನೋಂದಣಿ."

ನನಗ ಖುಷಿ ತಡೀಲಿಲ್ಲ. ಅಷ್ಟಕ್ಕ ಬಾಯಿ ಮುಚ್ಚಬೇಕಿಲ್ಲೋ? "ಮೊದಲ ಹಡಗಿನ ಬಾವುಟ ಲೈಬೀರಿಯಾದ್ದಿತ್ರಿ. ಮಾಲಕ ಬದಲಾದ, ಹೆಸರೂ ಬದಲಾತು, ಬಣ್ಣಾನೂ ಬದಲಾತು!"

ಅವರ ಮಾರಿ ಸಣ್ಣದಾತು. "ನಮ್ಮ ಧಂದೇದಾಗ ಅದಕ್ಕ ಕಳವಿನ ಗಾಡಿ ಅಂತಾರ."

ಚಹಾ ತರಾಕ ಹತ್ತಿದ್ದವರನ್ನ ಬಾಗಲದಾಗನ ನಿಂದ್ರಿಸಿದ್ರು.

ನಂಬರ್

"ಹಂಗಲ್ರಿ!" ಅಂತ ಒದರಿದೆ. "ಹೆಸರು, ಬಾವುಟ, ಮಾಲಕ ಏನ ಬದಲಾಗ್ಲಿ, ಹಡಗಿನ ಏಳು ಅಂಕಿ ನಂಬರ್ ಬದಲಾಗಂಗಿಲ್ರಿ. ಉಕ್ಕಿನ ಮ್ಯಾಲೆ ಕೊರದಿರತಾರ."

"ಚಾಸಿ ನಂಬರ್ ಅನ್ನಲಾ ಮತ್ತ!" ಅವರ ಮಾರಿ ಅರಳಿತು. ಚಾಸಿ ಮ್ಯಾಲೆ ಹಾಳಿ ಇಟ್ಟು ಪೆನ್ಸಿಲ್‌ಲೆ ಉಜ್ಜಿ, ಮೂಡಿದ ನಂಬರ್ ಆರ್‌ಟಿಓ ಆಫೀಸಿಗೆ ಕೊಡೂದು ಲಾರಿಯವರ ಪದ್ಧತಿ. ನನ್ನ ಕೈಗೂ ಒಂದು ಪೆನ್ಸಿಲ್ ಕೊಟ್ರು. "ಉಜ್ಜಿಕೊಂಡು ಬಾ. ಆಮ್ಯಾಲೆ ಮದುವಿ ಮಾತು."

ಒಂದೊಂದು ಅಂಕಿ ಅಂಗೈಯಷ್ಟು ದೊಡ್ಡದು! ಹಡಗಿಗೆ ಹೋಗಿ ಹಳೇ ನಕಾಶಿ ಹಾಳಿ ಅಂಟಿಸಿ, ಎಂಜಿನ್ ಖೋಲಿ ಗ್ವಾಡಿ ಮ್ಯಾಲಿನ ನಂಬರ್ ಉಜ್ಜಾಕ ಹತ್ತಿದೆ. ಕ್ಯಾಪ್ಟನ್ ಬಂದು "ತಲಿ ಕೆಟ್ಟೈತೇನು?" ಅಂದ.

"ಮದುವಿ ಐತ್ರಿ," ಅಂದೆ.

ಪಾಪ, ತಾನೂ ಹಾಳಿ ಇನ್ನೊಂದು ತುದಿ ಹಿಡಕೊಂಡ.

ಮುಂದಿನ ರಜಾದಾಗ ರಾಮದುರ್ಗದ ಪಡಸಾಲ್ಯಾಗ ಆ ಹಾಳಿ ಹಾಸಿದೆ. ಆಕಿ ಅಪ್ಪ ಚಷ್ಮಾ ಹಾಕ್ಕೊಂಡು, ಮೊಣಕಾಲೂರಿ, ನಾ ತಂದಿದ್ದ ಹಡಗಿನ ನೋಂದಣಿ ಪತ್ರದ ಝೆರಾಕ್ಸ್ ಹಿಡದು ಒಂದೊಂದು ಅಂಕಿ ತಾಳೆ ನೋಡಿದ್ರು.

"ಹಡಗು ಖರೇ ಐತಿ," ಅಂತ ಎದ್ದು, ಮಗಳ ಕಡೆ ತಿರುಗಿದ್ರು. "ಹುಡುಗ ಹೆಂಗವಾ?"

ಬಾಗಲದಾಗ ನಿಂತಾಕಿ ನಕ್ಕಳು. "ನೀ ಹೇಳಿದಿ ಅಂತ ನಡುಸಮುದ್ರದಾಗ ಗ್ವಾಡಿ ಉಜ್ಜಿ ಬಂದಾನಪ್ಪಾ. ನಾ ಹೇಳಿದ್ದೂ ಕೇಳ್ತಾನ. ಇವನ ಇರಲಿ!"